ರಾಯಚೂರು ಸೀಮೆಯ ಗಾಜಿನ ಮಣಿ: ತಯಾರಿಕೆ, ಮಾರಾಟ ಮತ್ತು ಪದಸಾಕ್ಷ್ಯ

1. ಪ್ರಸ್ತಾವನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಇಂದಿನ ರಾಯಚೂರು ಜಿಲ್ಲೆಯ ಬಹುಭಾಗ ಈ ನಾಡಿಗೆ ಸೇರುತ್ತದೆ. ಕನ್ನಡ ಸಂಶೋಧನೆಯು ಈ ಪ್ರದೇಶವನ್ನು ಮುಖ್ಯವಾಗಿ ಶಾಸನ, ಕೋಟೆ ಹಾಗೂ ದಾಸಸಾಹಿತ್ಯದ ನೆಲೆಯಾಗಿ ಗುರುತಿಸುತ್ತ ಬಂದಿದೆ. ಮಾನ್ವಿಯ ಜಗನ್ನಾಥದಾಸರು, ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಇಲ್ಲಿಯ ಸಾಹಿತ್ಯಚರಿತ್ರೆಯ ಪ್ರಮುಖ ಹೆಸರುಗಳು. ಇವುಗಳಿಗೆ ಹೋಲಿಸಿದರೆ ಈ ಸೀಮೆಯ ಜನರು ನಿತ್ಯವೂ ಮೈಮೇಲೆ ಧರಿಸಿದ ಸಣ್ಣ ವಸ್ತುಗಳ ಕಡೆಗೆ ಭಾಷಾಧ್ಯಯನಕಾರರ ಗಮನ ಹರಿದದ್ದು ಕಡಿಮೆ. ಅಂತಹ ವಸ್ತುಗಳಲ್ಲಿ ಗಾಜಿನ ಮಣಿಯೂ ಒಂದು.

ಗಾಜಿನ ಮಣಿಯನ್ನು ಕುರಿತು ಎರಡು ಬಗೆಯ ಸಾಕ್ಷ್ಯಗಳು ಈ ಸೀಮೆಯಲ್ಲಿ ದೊರೆಯುತ್ತವೆ. ಒಂದು, ಮಸ್ಕಿಯಂತಹ ನೆಲೆಗಳ ಉತ್ಖನನದಿಂದ ಬಂದ ನೆಲದ ಸಾಕ್ಷ್ಯ. ಮತ್ತೊಂದು, ರಾಯಚೂರು ನಗರ, ದೇವದುರ್ಗ, ಮಾನ್ವಿಗಳ ಪೇಟೆಯಲ್ಲೂ ಮನೆಯಲ್ಲೂ ಬಳಕೆಯಲ್ಲಿರುವ ಪದಗಳ ಸಾಕ್ಷ್ಯ. ಮೊದಲನೆಯದನ್ನು ಪುರಾತತ್ವಜ್ಞರೂ ಎರಡನೆಯದನ್ನು ಜಾನಪದ ವಿದ್ವಾಂಸರೂ ಪ್ರತ್ಯೇಕವಾಗಿ ನೋಡಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಸಮತೋಲನ ಎದ್ದುಕಾಣುತ್ತದೆ. ಮಣಿಯನ್ನು ತೊಡುವ, ಪೋಣಿಸುವ, ಮಾರುವ ಕ್ರಿಯೆಗಳಿಗೆ ಇಲ್ಲಿಯ ನುಡಿಯಲ್ಲಿ ಸಮೃದ್ಧವಾದ ಪದಗಳಿವೆ. ಮಣಿಯನ್ನು ಮಾಡುವ ಕೆಲಸಕ್ಕೂ ಮಾಡುವ ವ್ಯಕ್ತಿಗೂ ರೂಢಿಯ ಪದಗಳು ತೀರ ವಿರಳ. ಈ ವಿರಳತೆಗೆ ಕಾರಣವೇನು, ಅದನ್ನು ಸಾಕ್ಷ್ಯವಾಗಿ ಎಷ್ಟರಮಟ್ಟಿಗೆ ಬಳಸಬಹುದು, ಗಾಜಿನ ಮಣಿಯ ಕೈಕೆಲಸ ಜೀವನೋಪಾಯವಾಗಬಹುದಾದ ಇಂದಿನ ಸಂದರ್ಭದಲ್ಲಿ ಅದರ ಪರಿಣಾಮವೇನು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಪದಗಳ ಸಾಕ್ಷ್ಯ

‘ಗಾಜು’ ಎಂಬುದು ಸಂಸ್ಕೃತದ ‘ಕಾಚ’ ಶಬ್ದದ ತದ್ಭವ. ‘ಬಳೆ’ ಎಂಬುದು ಸುತ್ತುವರಿಯುವ ಅರ್ಥದ ‘ಬಳಸು’ ಕ್ರಿಯಾಪದದೊಂದಿಗೆ ಸಂಬಂಧ ಹೊಂದಿದ ದ್ರಾವಿಡ ಪದ; ತಮಿಳಿನ ‘ವಳೈ’ ಇದರ ಜ್ಞಾತಿಪದ. ತೆಲುಗಿನಲ್ಲಿ ‘ಗಾಜು’ ಎಂಬ ಪದವೇ ಬಳೆಗೂ ಸಲ್ಲುತ್ತದೆ. ‘ಗಾಜುಲು’ ಎಂದರೆ ಬಳೆಗಳು. ಕನ್ನಡವು ವಸ್ತುವಿನ ಆಕಾರವನ್ನು ಹಿಡಿದು ಹೆಸರಿಟ್ಟರೆ ತೆಲುಗು ಅದರ ದ್ರವ್ಯವನ್ನು ಹಿಡಿದು ಹೆಸರಿಟ್ಟಿತು. ರಾಯಚೂರಿನಂತಹ ಗಡಿನಗರದಲ್ಲಿ ಒಂದೇ ಅಂಗಡಿಯ ಮುಂದೆ ನಿಂತ ಇಬ್ಬರು ‘ಗಾಜು’ ಎಂದಾಗ ಬೇರೆ ಬೇರೆ ವಸ್ತುಗಳನ್ನು ಉದ್ದೇಶಿಸಿರಬಹುದು.

‘ಮಣಿ’ಯ ಸ್ಥಿತಿ ಇನ್ನಷ್ಟು ಸಂಕೀರ್ಣವಾದುದು. ಕಾವ್ಯಭಾಷೆಯಲ್ಲಿ ಮಣಿ ಎಂದರೆ ರತ್ನ. ಚಿಂತಾಮಣಿ, ಚೂಡಾಮಣಿ ಮೊದಲಾದ ಸಮಾಸಗಳಲ್ಲಿಯೂ ಕೇಶಿರಾಜನ ವ್ಯಾಕರಣಗ್ರಂಥದ ಶೀರ್ಷಿಕೆಯಾದ ‘ಶಬ್ದಮಣಿದರ್ಪಣ’ದಲ್ಲಿಯೂ ಇದೇ ಅರ್ಥವಿದೆ. ಸಂಸ್ಕೃತ ಸುಭಾಷಿತ ಪರಂಪರೆಯು ಮಣಿ ಮತ್ತು ಕಾಚಗಳನ್ನು ವಿರುದ್ಧಪದಗಳಂತೆ ಬಳಸಿ, ಗಾಜನ್ನು ರತ್ನದ ವೇಷ ತೊಟ್ಟ ಹುಸಿವಸ್ತುವೆಂದು ಕಂಡಿತು. ಆದರೆ ಆಡುನುಡಿಯಲ್ಲಿ ಈ ವೈರುಧ್ಯವೇ ಇಲ್ಲ. ಅಲ್ಲಿ ಗಾಜೇ ಮಣಿ. ಮುತ್ತೈದೆಯ ಕೊರಳಿನ ‘ಕರಿಮಣಿ’ ಅತಿ ಅಗ್ಗದ ಕಪ್ಪು ಗಾಜಿನದಾದರೂ ಅದಕ್ಕೆ ದೊರೆಯುವ ಗೌರವ ರತ್ನಕ್ಕೂ ಇಲ್ಲ. ಕಾವ್ಯಭಾಷೆ ಕೆಳಗಿಳಿಸಿದ ವಸ್ತುವನ್ನು ಬಳಕೆಯ ಭಾಷೆ ಮೇಲಕ್ಕೇರಿಸಿದ ನಿದರ್ಶನವಿದು.

ಕರಿಮಣಿಯ ಕಲ್ಪನೆ ಒಂದೇ ಸಮುದಾಯಕ್ಕೆ ಸೀಮಿತವಾದುದಲ್ಲ. ತೆಲುಗಿನಲ್ಲಿ ಇದು ‘ನಲ್ಲಪೂಸಲು’. ಹೈದರಾಬಾದ್ ಪ್ರಾಂತದ ಮುಸ್ಲಿಂ ಮಹಿಳೆಯರಲ್ಲಿ ಮದುವೆಯ ಗುರುತಾಗಿ ‘ಕಾಲೀ ಪೋತ್ ಕಾ ಲಚ್ಛಾ’ ಧರಿಸುವ ಸಂಪ್ರದಾಯವಿದೆ. ‘ಪೋತ್’ ಎಂದರೆ ಸಣ್ಣ ಗಾಜಿನ ಮಣಿ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ರಾಯಚೂರಿನಲ್ಲಿ ಈ ಮೂರು ನುಡಿಗಳ ಬಳಕೆ ಅಕ್ಕಪಕ್ಕದಲ್ಲಿಯೇ ಬೆಳೆದಿದೆ. ನುಡಿ ಮತ್ತು ಮತ ಬೇರೆಯಾದರೂ ಮಣಿಯ ಬಣ್ಣವೂ ಸಾಮಾಜಿಕ ಅರ್ಥವೂ ಒಂದೇ ಆಗಿರುವುದು ಗಮನಾರ್ಹ.

ಒಡವೆಗೆ ಸಂಬಂಧಿಸಿದ ವೃತ್ತಿನಾಮಗಳನ್ನು ಗಮನಿಸಿದರೆ ಚಿನ್ನದ ಕೆಲಸದವನು ಪತ್ತಾರ ಅಥವಾ ಅಕ್ಕಸಾಲಿಗ. ರೇಷ್ಮೆ ದಾರದಲ್ಲಿ ಮಣಿ ಪೋಣಿಸಿ ಗೊಂಡೆ ಕಟ್ಟುವವನು ಪಟವೇಗಾರ. ಬಳೆ ಇಡುವವನು ಬಳೆಗಾರ. ಮಣಿ, ಬಳೆ ಮಾರುವವರು ಮಣಿಯಾರರು. ತೆಲುಗು ಪ್ರದೇಶದಲ್ಲಿ ‘ಪೂಸಲ’ ಎಂಬ ಸಮುದಾಯನಾಮವೇ ಮಣಿ ಮಾರಾಟದಿಂದ ಬಂದಿದೆ. ಈ ಸಾಲಿನಲ್ಲಿ ಗಾಜನ್ನು ಕರಗಿಸಿ ಮಣಿ ಮಾಡುವವನಿಗೆ ಜನಜನಿತವಾದ ಹೆಸರು ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ‘ಮಣಿಯಾರ’, ‘ಮಣೆಗಾರ’, ‘ಮಣೇಗಾರ’ ಎಂಬ ಮನೆತನದ ಹೆಸರುಗಳನ್ನು ಕಂಡೊಡನೆ ಮಣಿಯ ವೃತ್ತಿಗೆ ಸಂಬಂಧ ಕಲ್ಪಿಸುವುದು ಅಪಾಯಕಾರಿ. ನಡುಗನ್ನಡದ ‘ಮಣಿಹ’ ಎಂದರೆ ಊಳಿಗ, ಮೇಲ್ವಿಚಾರಣೆ. ‘ಮಣಿಹಗಾರ’ ಎಂದರೆ ಅಂತಹ ಅಧಿಕಾರಿ. ಈ ಮೂಲದಿಂದ ಬಂದ ಹೆಸರುಗಳೂ, ಹಿಂದಿಯ ‘ಮನಿಹಾರ್’ ಮೂಲದಿಂದ ಬಂದ ಹೆಸರುಗಳೂ ಉಚ್ಚಾರದಲ್ಲಿ ಹತ್ತಿರವಾಗಿವೆ. ಹಾಗೆಯೇ ‘ಕನ್ನಡಿ ಕಾಯಕದ ಅಮ್ಮಿದೇವಯ್ಯ’ನ ಹೆಸರನ್ನು ಗಾಜಿನ ಕೈಗಾರಿಕೆಗೆ ಆಧಾರವಾಗಿ ಬಳಸುವುದೂ ಸಲ್ಲದು. ಲೋಹವನ್ನು ಹೊಳೆಯುವಂತೆ ಉಜ್ಜಿ ಮಾಡಿದ ಕನ್ನಡಿಗಳು ಆ ಕಾಲದಲ್ಲಿ ಬಳಕೆಯಲ್ಲಿದ್ದವು. ‘ಕನ್ನಡಿ’ ಎಂಬ ಪದ ಮಾತ್ರದಿಂದ ದ್ರವ್ಯ ಯಾವುದೆಂದು ತಿಳಿಯುವುದಿಲ್ಲ.

3. ನೆಲದ ಸಾಕ್ಷ್ಯ

ಮಸ್ಕಿ ಕನ್ನಡಿಗರಿಗೆ ಪರಿಚಿತವಾದದ್ದು ಅಶೋಕನ ಶಾಸನದಿಂದ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗಮನಕ್ಕೆ ತಂದ ಈ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ ಬಿರುದಿನ ಹಿಂದಿನ ಅರಸ ಯಾರೆಂಬುದು ಸ್ಪಷ್ಟವಾಯಿತು. ಅದಕ್ಕೂ ಮೊದಲೇ, 1870ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯ ಪ್ರಾಚೀನತೆಯನ್ನು ಗುರುತಿಸಿದ್ದರು. 1930ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿತು. 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ ನವಶಿಲಾ–ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಆರಂಭಿಕ ಇತಿಹಾಸಕಾಲ ಹಾಗೂ ಮಧ್ಯಕಾಲ ಎಂಬ ನಾಲ್ಕು ಸಾಂಸ್ಕೃತಿಕ ಹಂತಗಳು ಖಚಿತಗೊಂಡವು. ಇತ್ತೀಚಿನ ದಶಕಗಳಲ್ಲಿ ಆಂಡ್ರ್ಯೂ ಬಾಯರ್ ಮತ್ತು ಪೀಟರ್ ಜೊಹಾನ್ಸೆನ್ ಅವರ ತಂಡ ಮಸ್ಕಿ ಪರಿಸರದ ವ್ಯಾಪಕ ಸಮೀಕ್ಷೆಯನ್ನು ಕೈಗೊಂಡಿದೆ.

ಮಸ್ಕಿಯ ಅವಶೇಷಗಳಲ್ಲಿ ಬೆಲೆಯುಳ್ಳ ಕಲ್ಲು, ಚಿಪ್ಪು ಮೊದಲಾದವುಗಳ ಮಣಿಗಳ ಜೊತೆಗೆ ಗಾಜಿನ ವಸ್ತುಗಳೂ ಸೇರಿವೆ. ಭಾರತದ ಗಾಜಿನ ಚರಿತ್ರೆಯನ್ನು ಹೇಳುವ ಪಠ್ಯಗಳಲ್ಲಿ ಮಸ್ಕಿಯನ್ನು ಅತ್ಯಂತ ಪ್ರಾಚೀನ ನೆಲೆಗಳಲ್ಲೊಂದಾಗಿ, ಕೆಲವೊಮ್ಮೆ ಮೊಟ್ಟಮೊದಲನೆಯದಾಗಿ ಹೆಸರಿಸುವ ರೂಢಿಯಿದೆ. ಈ ಮಾತನ್ನು ತರಗತಿಗಳಲ್ಲಿ ಪುನರುಚ್ಚರಿಸುವ ಮೊದಲು ಮೂರು ಅಂಶಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು, ಪ್ರಾಚೀನತೆಯ ಪ್ರಶ್ನೆ. ಹರಪ್ಪದಿಂದ ಸುಮಾರು ಕ್ರಿ.ಪೂ. 1700ಕ್ಕೆ ಸೇರಿದ ಕಂದುಬಣ್ಣದ ಗಾಜಿನ ಮಣಿಯೊಂದು ವರದಿಯಾಗಿದೆ. ಬಿ.ಬಿ. ಲಾಲ್ ಅವರು 1950–52ರಲ್ಲಿ ಉತ್ಖನನ ನಡೆಸಿದ ಹಸ್ತಿನಾಪುರದ ಬಣ್ಣದ ಬೂದುಮಡಕೆಯ ಹಂತದಲ್ಲಿಯೂ ಗಾಜು ಕಂಡುಬಂದಿದೆ. ಆದ್ದರಿಂದ ‘ಮೊದಲು’ ಎಂಬ ಪಟ್ಟಕ್ಕಿಂತ ‘ಪ್ರಾಚೀನ ನೆಲೆಗಳಲ್ಲೊಂದು’ ಎಂಬ ವಿವರಣೆಯೇ ಸುರಕ್ಷಿತ. ಎರಡನೆಯದು, ದ್ರವ್ಯದ ಪ್ರಶ್ನೆ. ಬೆಣಚುಕಲ್ಲಿನ ಪುಡಿಯ ಒಡಲಿಗೆ ಹೊಳಪಿನ ಲೇಪ ಬರಿಸಿದ ಫಯಾನ್ಸ್ ವಸ್ತು ಗಾಜಲ್ಲ. ಒಳಗೂ ಹೊರಗೂ ಪೂರ್ಣವಾಗಿ ಕರಗಿ ಒಂದಾದದ್ದು ಮಾತ್ರ ಗಾಜು. ಮೂರನೆಯದೂ ಮುಖ್ಯವಾದುದೂ ತಯಾರಿಕೆಯ ಪ್ರಶ್ನೆ. ಒಂದು ಊರಿನಲ್ಲಿ ಮಣಿ ಸಿಕ್ಕಿತು ಎಂಬುದರಿಂದ ಆ ಊರಿನಲ್ಲಿ ಮಣಿ ಮಾಡುತ್ತಿದ್ದರು ಎಂದು ಸಿದ್ಧವಾಗುವುದಿಲ್ಲ. ಕುಲುಮೆಯ ಅವಶೇಷ, ಗಾಜು ಅಂಟಿಕೊಂಡ ಮೂಸೆಯ ಚೂರು, ಕರಗಿಸಲು ತಂದ ಗಾಜಿನ ಗಟ್ಟಿ, ಅರ್ಧಕ್ಕೆ ಕೆಟ್ಟ ಮಣಿ, ತಂತಾಗಿ ಎಳೆದು ಉಳಿದ ತುಂಡು ಇವು ಜೊತೆಯಾಗಿ ದೊರೆತಾಗ ಮಾತ್ರ ತಯಾರಿಕೆಯ ಮಾತನ್ನು ಧೈರ್ಯವಾಗಿ ಆಡಬಹುದು. ಗಾಜನ್ನು ತಯಾರಿಸುವುದು ಒಂದು ಕೆಲಸ, ತಯಾರಾದ ಗಾಜನ್ನು ಮತ್ತೆ ಕಾಯಿಸಿ ಮಣಿ ಮಾಡುವುದು ಇನ್ನೊಂದು ಕೆಲಸ ಎಂಬುದನ್ನೂ ಮರೆಯಬಾರದು. ಇವೆರಡೂ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಜನರಿಂದ ನಡೆಯುವುದು ಸಾಧ್ಯ.

4. ತಯಾರಿಕೆಯ ಬಗೆಗಳು

ಗಾಜಿನ ಮುಖ್ಯ ದ್ರವ್ಯ ಸಿಲಿಕಾ, ಅಂದರೆ ಮರಳು ಅಥವಾ ಬೆಣಚುಕಲ್ಲಿನ ಪುಡಿ. ಅದು ಬಹಳ ಹೆಚ್ಚಿನ ಶಾಖಕ್ಕೆ ಮಾತ್ರ ಕರಗುವುದರಿಂದ ಕರಗುವ ಮಟ್ಟವನ್ನು ಇಳಿಸಲು ಕ್ಷಾರವನ್ನು ಬೆರೆಸಬೇಕಾಗುತ್ತದೆ. ಸಸ್ಯದ ಬೂದಿ ಅಥವಾ ಚೌಳುಮಣ್ಣಿನ ಸೋಡಾ ಈ ಕೆಲಸ ಮಾಡುತ್ತದೆ. ಪ್ರಾಚೀನ ಭಾರತದ ಗಾಜಿನಲ್ಲಿ ಖನಿಜ ಸೋಡಾ ಹಾಗೂ ಹೆಚ್ಚಿನ ಅಲ್ಯುಮಿನಾ ಇರುವ ಒಂದು ವರ್ಗವನ್ನು ರಾಸಾಯನಿಕ ವಿಶ್ಲೇಷಣೆಗಳು ಗುರುತಿಸಿವೆ. ಕಬ್ಬಿಣದಿಂದ ಹಸಿರು ಮತ್ತು ಕಂದು, ತಾಮ್ರದಿಂದ ತಿಳಿನೀಲಿ ಅಥವಾ ಕುಲುಮೆಯ ಸ್ಥಿತಿಗನುಗುಣವಾಗಿ ಕೆಂಪು, ಕೋಬಾಲ್ಟ್‌ನಿಂದ ಕಡುನೀಲಿ, ಮ್ಯಾಂಗನೀಸ್‌ನಿಂದ ನೇರಳೆ ಬಣ್ಣಗಳು ಬರುತ್ತವೆ. ಕಪ್ಪಾಗಿ ಕಾಣುವ ಅನೇಕ ಮಣಿಗಳನ್ನು ಬಲವಾದ ಬೆಳಕಿಗೆ ಹಿಡಿದರೆ ದಟ್ಟ ನೇರಳೆಯೋ ಹಸಿರೋ ಆಗಿರುವುದು ತಿಳಿಯುತ್ತದೆ.

ಮಣಿ ಮಾಡುವ ಮುಖ್ಯ ವಿಧಾನಗಳು ಎರಡು. ಎಳೆಯುವ ವಿಧಾನದಲ್ಲಿ ಬಿಸಿಗಾಜಿನ ಮುದ್ದೆಯಲ್ಲಿ ಟೊಳ್ಳು ಉಳಿಯುವಂತೆ ಉದ್ದನೆಯ ಕೊಳವೆಯಾಗಿ ಎಳೆದು, ಆರಿದ ಮೇಲೆ ಸಣ್ಣ ಸಣ್ಣದಾಗಿ ಕತ್ತರಿಸಿ, ಬೂದಿಯೊಂದಿಗೆ ಮತ್ತೆ ಕಾಯಿಸಿ ಅಂಚುಗಳನ್ನು ಗುಂಡಾಗಿಸುತ್ತಾರೆ. ಪುದುಚೇರಿ ಬಳಿಯ ಅರಿಕಮೇಡು ಈ ಬಗೆಯ ಮಣಿಗಳಿಗೆ ಪ್ರಸಿದ್ಧವಾದ ಪ್ರಾಚೀನ ನೆಲೆ. ಆಂಧ್ರಪ್ರದೇಶದ ಪಾಪಾನಾಯುಡುಪೇಟೆಯಲ್ಲಿ ಈ ವಿಧಾನ ಆಧುನಿಕ ಕಾಲದವರೆಗೂ ಉಳಿದುಬಂದುದನ್ನು ಪೀಟರ್ ಫ್ರಾನ್ಸಿಸ್ ಹಾಗೂ ಅಲೋಕ್ ಕುಮಾರ್ ಕಾನುಂಗೊ ಅವರ ಅಧ್ಯಯನಗಳು ದಾಖಲಿಸಿವೆ.

ಸುತ್ತುವ ವಿಧಾನದಲ್ಲಿ ಮೆತ್ತಗಾದ ಗಾಜನ್ನು ಲೋಹದ ಕಡ್ಡಿಯ ಮೇಲೆ ಸುತ್ತಿ ಒಂದೊಂದೇ ಮಣಿಯನ್ನು ಮಾಡುತ್ತಾರೆ. ಇದನ್ನೇ ಕುಲುಮೆಯ ಬದಲು ದೀಪದ ಜ್ವಾಲೆಯ ಮುಂದೆ ಕುಳಿತು ಮಾಡಿದಾಗ ಅದು ಲ್ಯಾಂಪ್‌ವರ್ಕ್ ಎನಿಸಿಕೊಳ್ಳುತ್ತದೆ. ಹಿಂದೆ ಎಣ್ಣೆದೀಪದ ಜ್ವಾಲೆಗೆ ಗಾಳಿ ಊದಿ ಶಾಖ ಹೆಚ್ಚಿಸುತ್ತಿದ್ದರು. ಇಂದು ಅಡುಗೆ ಅನಿಲದ ಜಾತಿಯ ಇಂಧನ ಮತ್ತು ಆಮ್ಲಜನಕವನ್ನು ಬೆರೆಸಿ ಉರಿಸುವ ಬರ್ನರ್‌ಗಳಿವೆ. ಉಕ್ಕಿನ ಕಡ್ಡಿಗೆ ಮೊದಲು ಜೇಡಿಮಣ್ಣಿನ ತೆಳುಲೇಪ ಕೊಟ್ಟು ಒಣಗಿಸಬೇಕು. ಇಲ್ಲದಿದ್ದರೆ ಮಣಿ ಕಡ್ಡಿಗೆ ಅಂಟಿಕೊಳ್ಳುತ್ತದೆ. ಗಾಜಿನ ಸಲಾಕೆಯ ತುದಿಯನ್ನು ಜ್ವಾಲೆಯಲ್ಲಿ ನಿಧಾನವಾಗಿ ಕಾಯಿಸಿ, ಅದು ಜೇನಿನಂತೆ ಇಳಿಯತೊಡಗಿದಾಗ ತಿರುಗುವ ಕಡ್ಡಿಯ ಮೇಲೆ ಸುತ್ತಬೇಕು. ಕಡ್ಡಿಯನ್ನು ಒಂದೇ ಗತಿಯಲ್ಲಿ ತಿರುಗಿಸುತ್ತಿದ್ದರೆ ಗಾಜು ತನ್ನಷ್ಟಕ್ಕೆ ತಾನೇ ಗುಂಡಗಾಗುತ್ತದೆ. ಕೈ ಒಂದು ಕ್ಷಣ ನಿಂತರೂ ಮಣಿ ಒಂದು ಕಡೆಗೆ ಜೋತುಬೀಳುತ್ತದೆ.

ಮಣಿಯ ಬಾಳಿಕೆ ನಿರ್ಧಾರವಾಗುವುದು ಆರಿಸುವ ಹಂತದಲ್ಲಿ. ಜ್ವಾಲೆಯಿಂದ ಹೊರತೆಗೆದ ಮಣಿಯ ಹೊರಮೈ ಬೇಗ ತಣಿಯುತ್ತದೆ, ಒಳಭಾಗ ತಡವಾಗಿ ತಣಿಯುತ್ತದೆ. ಈ ವ್ಯತ್ಯಾಸ ಗಾಜಿನೊಳಗೆ ಬಿಗಿತವನ್ನು ಉಳಿಸುತ್ತದೆ. ಅಂತಹ ಮಣಿ ಕೂಡಲೇ ಒಡೆಯದೆ, ದಿನಗಳು ಕಳೆದ ಮೇಲೆ ಕೊಂಡವರ ಕೊರಳಿನಲ್ಲಿ ಒಡೆಯಬಹುದು. ಇದನ್ನು ತಪ್ಪಿಸಲು ಸೋಡಾಗಾಜಿನ ಮಣಿಗಳನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಕೆಲಹೊತ್ತು ಇಟ್ಟು, ನಿಧಾನವಾಗಿ ಆರಿಸುತ್ತಾರೆ. ಬಿಸಿಬೂದಿಯಲ್ಲಿ ಹೂತಿಡುವುದು ತಣಿಯುವ ವೇಗವನ್ನು ತಗ್ಗಿಸುತ್ತದೆಯಾದರೂ ದಪ್ಪ ಮಣಿಗಳಿಗೆ ಅದು ಸಾಲದು. ಬೇರೆ ಬೇರೆ ಜಾತಿಯ ಗಾಜುಗಳನ್ನು ಒಂದೇ ಮಣಿಯಲ್ಲಿ ಬೆರೆಸುವಂತಿಲ್ಲ. ಶಾಖಕ್ಕೆ ಹಿಗ್ಗುವ ಪ್ರಮಾಣವನ್ನು ಸೂಚಿಸುವ ಅಂಕಿ ಮೃದುಗಾಜಿನಲ್ಲಿ ಸಾಮಾನ್ಯವಾಗಿ 104ರ ಆಸುಪಾಸಿನಲ್ಲಿದ್ದರೆ ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿನಲ್ಲಿ 33ರ ಆಸುಪಾಸಿನಲ್ಲಿರುತ್ತದೆ. ಇವೆರಡೂ ಸೇರಿದ ಮಣಿ ಆರುವಾಗ ಬಿರಿಯುವುದು ಖಚಿತ.

5. ಮಣಿಯನ್ನು ಓದುವ ಕ್ರಮ

ಈ ತಾಂತ್ರಿಕ ವಿವರಗಳು ಭಾಷಾಸಂಶೋಧಕರಿಗೂ ಉಪಯುಕ್ತವಾದವು. ಕ್ಷೇತ್ರಕಾರ್ಯದಲ್ಲಿ ಹಳೆಯ ಸರವೊಂದನ್ನು ಕಂಡಾಗ ‘ಗಾಜಿನ ಮಣಿ’ ಎಂದಷ್ಟೇ ಬರೆದುಕೊಳ್ಳುವುದು ವಾಡಿಕೆ. ಕೈಮಸೂರವೊಂದು ಜೊತೆಗಿದ್ದರೆ ಇನ್ನೂ ಮುಂದೆ ಹೋಗಬಹುದು. ಮಣಿಯೊಳಗಿನ ಗಾಳಿಗುಳ್ಳೆಗಳೂ ಬಣ್ಣದ ಗೆರೆಗಳೂ ರಂಧ್ರಕ್ಕೆ ಸಮಾಂತರವಾಗಿ ಚಾಚಿಕೊಂಡಿದ್ದರೆ ಅದು ಎಳೆದು ಮಾಡಿದ ಮಣಿ. ಅವು ರಂಧ್ರವನ್ನು ಸುತ್ತುವರಿದಿದ್ದರೆ ಅದು ಸುತ್ತಿ ಮಾಡಿದ ಮಣಿ. ನಡುವೆ ಸೀಳುಗೆರೆಯಂತಹ ಅಂಚು ಕಂಡರೆ ಅಚ್ಚಿನಲ್ಲಿ ಒತ್ತಿದ್ದಿರಬಹುದು. ರಂಧ್ರದ ಒಳಮೈಯಲ್ಲಿ ಬಿಳಿಯ ಮಣ್ಣಿನ ಪುಡಿ ಉಳಿದಿದ್ದರೆ ಅದು ಕಡ್ಡಿಯ ಲೇಪದ ಕುರುಹಾಗಿರಬಹುದು. ಒಡತಿಯ ಅನುಮತಿಯಿಲ್ಲದೆ ಸರವನ್ನು ಮುಟ್ಟಬಾರದು, ಕರಿಮಣಿಯನ್ನು ಕೊರಳಿನಿಂದ ತೆಗೆಯುವಂತೆ ಕೇಳಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಬಳೆಯ ಚೂರುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಪೂರ್ಣ ಬಳೆಯಲ್ಲಿ ಎಲ್ಲಿಯೂ ಬೆಸುಗೆ ಕಾಣದಿದ್ದರೆ ಗಾಜಿನ ಉಂಗುರವನ್ನು ಹಿಗ್ಗಿಸಿ ಮಾಡಿದ ಹಳೆಯ ವಿಧಾನವನ್ನು ಊಹಿಸಬಹುದು. ಇಂದು ಪೇಟೆಯಲ್ಲಿ ದೊರೆಯುವ ಫಿರೋಜಾಬಾದ್ ಬಳೆಯಲ್ಲಿ ಒಂದು ಬೆಸುಗೆ ಇದ್ದೇ ಇರುತ್ತದೆ. ಅಲ್ಲಿ ಬಿಸಿಗಾಜಿನ ಎಳೆಯನ್ನು ತಿರುಗುವ ಉರುಳೆಯ ಮೇಲೆ ಸುರುಳಿಯಾಗಿ ಸುತ್ತಿ, ಸುರುಳಿಯನ್ನು ಕತ್ತರಿಸಿ ಬಿಡಿಬಳೆಗಳಾಗಿಸುತ್ತಾರೆ. ಹೀಗೆ ಕತ್ತರಿಸಿದ ಬಳೆಯ ತುದಿಗಳನ್ನು ಸಮಮಟ್ಟಕ್ಕೆ ತರುವ ಕೆಲಸಕ್ಕೆ ‘ಸಧಾಯಿ’ ಎಂದೂ, ತುದಿಗಳನ್ನು ಸಣ್ಣ ಜ್ವಾಲೆಯಲ್ಲಿ ಕಾಯಿಸಿ ಕೂಡಿಸುವ ಕೆಲಸಕ್ಕೆ ‘ಜುಡಾಯಿ’ ಎಂದೂ ಹೆಸರು. ಈ ಕೆಲಸಗಳು ಬಹುಮಟ್ಟಿಗೆ ಮನೆಗಳಲ್ಲಿಯೇ ನಡೆದುಬಂದಿವೆ. ಬಳೆ ತಯಾರಿಕೆಯನ್ನು ಒಳಗೊಂಡ ಗಾಜಿನ ಉದ್ಯಮವನ್ನು 1986ರ ಬಾಲಕಾರ್ಮಿಕ ಕಾಯಿದೆಯು ನಿಷೇಧಿತ ಕೆಲಸಗಳ ಪಟ್ಟಿಗೆ ಸೇರಿಸಬೇಕಾಗಿ ಬಂದುದು ಈ ಉದ್ಯಮದ ಇನ್ನೊಂದು ಮುಖವನ್ನು ತೋರಿಸುತ್ತದೆ.

ಇಲ್ಲಿಯೇ ಲೇಖನದ ಮುಖ್ಯ ಪ್ರಶ್ನೆಗೆ ಉತ್ತರದ ಒಂದು ಭಾಗವಿದೆ. ಸಧಾಯಿ, ಜುಡಾಯಿ ಎಂಬ ಪದಗಳು ಫಿರೋಜಾಬಾದಿನಲ್ಲಿ ಹುಟ್ಟಿ ಉಳಿದದ್ದು ಅಲ್ಲಿ ಆ ಕೆಲಸಗಳಿಗೆ ಬೇರೆ ಬೇರೆ ಕೂಲಿಯನ್ನು ಲೆಕ್ಕ ಹಾಕುವುದರಿಂದ. ಕೂಲಿಯ ಲೆಕ್ಕ ನಡೆಯುವಲ್ಲಿ ಕೆಲಸದ ಪ್ರತಿ ಹಂತಕ್ಕೂ ಹೆಸರು ಬೇಕಾಗುತ್ತದೆ. ರಾಯಚೂರಿನ ಮುಂಗೈಗೆ ಬಂದು ತಲುಪುವ ಬಳೆಯಲ್ಲಿ ಆ ಬೆಸುಗೆ ಇದೆ. ಆದರೆ ಇಲ್ಲಿ ಅದಕ್ಕೆ ಕೂಲಿಯ ಲೆಕ್ಕವಿಲ್ಲ, ಆದ್ದರಿಂದ ಪದವೂ ಇಲ್ಲ.

6. ಮಾರಾಟದ ದಾರಿ

ಮಾರುವವನು ಮಾತ್ರ ಕನ್ನಡ ಮನಸ್ಸಿನಲ್ಲಿ ಗಟ್ಟಿಯಾಗಿ ನೆಲೆಸಿದ್ದಾನೆ. ‘ಭಾಗ್ಯದ ಬಳೆಗಾರ’ ಎಂಬ ಜನಪ್ರಿಯ ಜನಪದ ಗೀತೆಯಲ್ಲಿಯೂ, 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಬಳೆಗಾರ ಚೆನ್ನಯ್ಯನಲ್ಲಿಯೂ ಬಳೆಗಾರ ಕೇವಲ ವ್ಯಾಪಾರಿಯಲ್ಲ, ತವರಿಗೂ ಗಂಡನ ಮನೆಗೂ ನಡುವಿನ ಸುದ್ದಿವಾಹಕ. ಪರಪುರುಷನಾಗಿಯೂ ಹೆಣ್ಣಿನ ಕೈ ಹಿಡಿಯುವ ಸಾಮಾಜಿಕ ಒಪ್ಪಿಗೆ ಅವನಿಗಿತ್ತು. ಅವನ ಮಲಾರದಲ್ಲಿದ್ದ ಸರಕು ಎಲ್ಲಿ ತಯಾರಾಯಿತು ಎಂಬ ಪ್ರಶ್ನೆಯನ್ನು ಈ ಹಾಡುಗಳು ಕೇಳುವುದಿಲ್ಲ. ಹೆಣ್ಣಿನ ಅನುಭವಲೋಕಕ್ಕೆ ಕಂಡದ್ದು ಹೊಸ್ತಿಲಿಗೆ ಬಂದವನು ಮಾತ್ರ.

ಇಂದಿನ ಪೇಟೆಯಲ್ಲಿ ಅಳತೆ ಮತ್ತು ತೂಕಗಳ ಒಂದು ಖಚಿತ ಭಾಷೆಯಿದೆ. ಬಳೆಯ ಅಳತೆಯನ್ನು 2–4, 2–6, 2–8 ಎಂದು ಹೇಳುವಾಗ ಎರಡು ಅಂಗುಲದ ಮೇಲೆ ಹದಿನಾರನೆಯ ಒಂದು ಭಾಗದ ಎಷ್ಟು ಪಾಲು ಎಂಬ ಒಳವ್ಯಾಸದ ಲೆಕ್ಕವಿದೆ. ಸಣ್ಣ ಮಣಿಗಳಿಗೆ 8, 11 ಎಂಬ ಅಂಕಿಗಳಿವೆ. ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು. ಸಣ್ಣ ಮಣಿಯನ್ನು ತೂಕದಿಂದಲೂ ಎಳೆಯ ಲೆಕ್ಕದಿಂದಲೂ ಮಾರುತ್ತಾರೆ. ದೇವದುರ್ಗ, ಮಾನ್ವಿಗಳ ಸಂತೆಯಲ್ಲಿಯೂ ನೀರಮಾನ್ವಿ ಯಲ್ಲಮ್ಮನ ಜಾತ್ರೆಯಂತಹ ಸಂದರ್ಭಗಳಲ್ಲಿಯೂ ಗಾಜಿನ ಸರಕಿನ ಜೊತೆಗೇ ಪ್ಲಾಸ್ಟಿಕ್ ಮಣಿಗಳಿರುತ್ತವೆ. ಗಾಜು ತೂಕವುಳ್ಳದ್ದು, ಮುಟ್ಟಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಗುರ. ಈ ತಾಲ್ಲೂಕುಗಳ ತಾಂಡಾಗಳ ಲಂಬಾಣಿ ಮಹಿಳೆಯರ ಉಡುಪಿನಲ್ಲಿ ಕನ್ನಡಿಚೂರು, ಕವಡೆ, ಮಣಿಗಳು ಕಸೂತಿಯೊಂದಿಗೆ ಒಂದಾಗಿವೆ. ಸೊಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಹೆಸರಾದದ್ದು ಸೂಜಿಯ ಕೆಲಸ. ಅದರೊಳಗಿನ ಗಾಜು ಅಲ್ಲಿಯೂ ಕೊಂಡುತಂದ ಸಾಮಗ್ರಿಯಾಗಿಯೇ ಉಳಿಯಿತು.

ಮಣಿಯ ಅರ್ಥ ಸದಾ ಮಂಗಳಕರವಾದುದಲ್ಲ ಎಂಬುದನ್ನೂ ಈ ಸೀಮೆಯ ಅಧ್ಯಯನ ಮರೆಯುವಂತಿಲ್ಲ. ದೇವದಾಸಿ ಪದ್ಧತಿಯಲ್ಲಿ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಕ್ರಿಯೆಗೆ ‘ಮುತ್ತು ಕಟ್ಟುವುದು’ ಎಂದೇ ಹೆಸರು. ಒಂದು ಮಣಿಸರ ಹುಡುಗಿಯ ಬದುಕಿನ ದಿಕ್ಕನ್ನೇ ತಪ್ಪಿಸುತ್ತಿತ್ತು. ಇದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯನ್ನು ರೂಪಿಸಿತು. ಕರಿಮಣಿ ಮತ್ತು ಮುತ್ತು ಎರಡೂ ತೋರಿಸುವುದು ಒಂದೇ ಸಂಗತಿಯನ್ನು: ಸಮಾಜವು ಮಣಿಗೆ ಹೆಸರಿಟ್ಟದ್ದು ಅದನ್ನು ಯಾರ ಕೊರಳಿಗೆ, ಯಾವ ಉದ್ದೇಶಕ್ಕೆ ಕಟ್ಟಲಾಗುತ್ತದೆ ಎಂಬುದನ್ನು ನೋಡಿ; ಯಾರ ಕೈಯಿಂದ ಆಯಿತು ಎಂಬುದನ್ನು ನೋಡಿಯಲ್ಲ.

7. ಪದವಿಲ್ಲದಿರುವುದರ ಅರ್ಥ

ಹಾಗಾದರೆ ತಯಾರಿಕೆಯ ಪದಗಳು ವಿರಳವಾಗಿರುವುದರಿಂದ ಕನ್ನಡನಾಡಿನಲ್ಲಿ ಗಾಜಿನ ಕೆಲಸವೇ ಇರಲಿಲ್ಲ ಎಂದು ತೀರ್ಮಾನಿಸಬಹುದೇ? ಈ ತೀರ್ಮಾನ ತಪ್ಪಾಗುತ್ತದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನ ಗಾಜಿನ ಬಳೆಯ ತಯಾರಿಕೆಯನ್ನು ವಿವರಿಸಿದ್ದಾನೆ. ಕನ್ನಡ ಮಾತನಾಡುವ ಪರಿಸರದಲ್ಲಿಯೇ ಗಾಜಿನ ಕುಲುಮೆಗಳಿದ್ದವು. ಕುಲುಮೆಯ ಭಾಗಗಳಿಗೆ, ಕಡ್ಡಿಗೆ, ಗಾಜಿನ ಹದಕ್ಕೆ, ಕೆಟ್ಟ ಸರಕಿಗೆ ಅಲ್ಲಿಯವರು ಪದಗಳನ್ನು ಬಳಸಿಯೇ ಇರಬೇಕು. ಕೆಲಸ ನಿಂತಾಗ ಆ ಪದಗಳೂ ಬಳಕೆಯಿಂದ ಸರಿದವು. ಸಕಾಲದಲ್ಲಿ ಅವುಗಳ ವ್ಯವಸ್ಥಿತ ಸಂಗ್ರಹ ನಡೆಯಲಿಲ್ಲ. ಆದ್ದರಿಂದ ಪದಾಭಾವವು ಎರಡು ಭಿನ್ನ ಸ್ಥಿತಿಗಳನ್ನು ಸೂಚಿಸಬಹುದು. ಕೆಲಸವು ಅಲ್ಲಿ ನಡೆಯದಿರುವುದು ಒಂದು, ನಡೆದ ಕೆಲಸ ಮರೆಯಾಗಿರುವುದು ಇನ್ನೊಂದು. ಇವೆರಡರಲ್ಲಿ ಯಾವುದು ಎಂಬುದನ್ನು ನೆಲದ ಸಾಕ್ಷ್ಯವೇ ನಿರ್ಧರಿಸಬೇಕು. ಹೀಗಾಗಿ ಮಸ್ಕಿಯ ಮಣಿಯನ್ನು ಕುರಿತು ಪದಕೋಶವೂ, ರಾಯಚೂರಿನ ಪದಗಳನ್ನು ಕುರಿತು ಉತ್ಖನನವೂ ಒಂದಕ್ಕೊಂದು ಪೂರಕವಾಗುತ್ತವೆಯೇ ಹೊರತು ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ಈ ಚರ್ಚೆಗೆ ಇಂದಿನ ಬದುಕಿನೊಂದಿಗೂ ಸಂಬಂಧವಿದೆ. ಲ್ಯಾಂಪ್‌ವರ್ಕ್ ಮಣಿಗೆ ದೊಡ್ಡ ಕಾರ್ಖಾನೆ ಬೇಡ. ಗಾಳಿಯಾಡುವ ಒಂದು ಕೋಣೆ, ಬರ್ನರ್, ಗಾಜಿನ ಸಲಾಕೆ, ಸಣ್ಣ ಗೂಡು, ಕಣ್ಣಿಗೆ ತಕ್ಕ ಕನ್ನಡಕ ಇದ್ದರೆ ಒಬ್ಬರೇ ಕುಳಿತು ಮಾಡಬಹುದು. ವಾರಾಣಸಿಯಲ್ಲಿ ಇದು ಕುಟುಂಬಗಳ ಜೀವನೋಪಾಯವಾಗಿ ಬೆಳೆದು, ಅಲ್ಲಿಯ ಗಾಜಿನ ಮಣಿಗೆ ಭೌಗೋಳಿಕ ಸೂಚಕವೂ ದೊರೆತಿದೆ. ರಾಯಚೂರಿನಲ್ಲಿಯೋ ಮಾನ್ವಿಯಲ್ಲಿಯೋ ಒಬ್ಬ ಮಹಿಳೆ ಈ ಕೆಲಸವನ್ನು ಕೈಗೆತ್ತಿಕೊಂಡರೆ ಎದುರಾಗುವ ಮೊದಲ ತೊಡಕು ಬೆಲೆಯದು. ಉದಾಹರಣೆಗೆ, ಒಂದು ಮಣಿಗೆ 10 ನಿಮಿಷ ಹಿಡಿದರೆ 30 ಮಣಿಗಳ ಸರಕ್ಕೆ ಜ್ವಾಲೆಯ ಮುಂದಿನ ಸಮಯವೇ 5 ಗಂಟೆ. ಆರಿಸುವುದು, ರಂಧ್ರ ತೊಳೆಯುವುದು, ಒಡೆದವನ್ನು ಬೇರ್ಪಡಿಸುವುದು, ಪೋಣಿಸುವುದು ಇದರ ಹೊರಗೆ. ಪೇಟೆಯ ರೂಢಿಯಂತೆ ತೂಕಕ್ಕೆ ಮಾರಿದರೆ ಗಾಜಿಗೆ ಬೆಲೆ ಬರುತ್ತದೆ, ಈ 5 ಗಂಟೆಗೆ ಬರುವುದಿಲ್ಲ. ಬಿಡಿಮಣಿಯ ಲೆಕ್ಕಕ್ಕೆ ಮಾರಬೇಕಾದರೆ ಅದು ಯಾರು, ಹೇಗೆ ಮಾಡಿದ ಮಣಿ ಎಂಬುದನ್ನು ಕೊಳ್ಳುವವರಿಗೆ ಅವರ ಭಾಷೆಯಲ್ಲಿಯೇ ತಿಳಿಸಬೇಕು. ಅದಕ್ಕೆ ಪದಗಳು ಬೇಕು.

ಎರಡನೆಯ ತೊಡಕು ಮಾನ್ಯತೆಯದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಆರಂಭದಲ್ಲಿ 18 ವೃತ್ತಿಗಳನ್ನು ಗುರುತಿಸಿತು. ಅದರಲ್ಲಿ ಅಕ್ಕಸಾಲಿಗರು, ಕುಂಬಾರರು, ಬುಟ್ಟಿ ಹೆಣೆಯುವವರು, ಹೂಮಾಲೆ ಕಟ್ಟುವವರು ಇದ್ದಾರೆ. ಗಾಜಿನ ಮಣಿ ಅಥವಾ ಬಳೆ ಮಾಡುವವರು ಪ್ರತ್ಯೇಕ ವೃತ್ತಿಯಾಗಿ ಇಲ್ಲ. ಹಾಡಿನಲ್ಲಿ ಕಾಣದವರು ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಎರಡಕ್ಕೂ ನೇರ ಕಾರ್ಯಕಾರಣ ಸಂಬಂಧವಿದೆಯೆಂದು ಹೇಳಬೇಕಾಗಿಲ್ಲ. ಆದರೆ ಅರ್ಜಿಯ ನಮೂನೆಯಲ್ಲಿ ತನ್ನ ವೃತ್ತಿಯನ್ನು ಬರೆಯಲು ಪದವಿಲ್ಲದವರು ಆ ನಮೂನೆಯ ಹೊರಗೆ ಉಳಿಯುವುದು ಸಹಜ.

8. ಸಮಾರೋಪ

ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ 1962ರಲ್ಲಿ ವ್ಯವಸಾಯವನ್ನು ಕುರಿತು, ಮುಂದಿನದು ನೇಯ್ಗೆಯನ್ನು ಕುರಿತು ಪ್ರಕಟವಾಯಿತು. ಕನ್ನಡದಲ್ಲಿಯೂ ವೃತ್ತಿಪದಗಳ ಸಂಗ್ರಹಕಾರ್ಯ ನಡೆದಿದೆ. ಗಾಜಿನ ಒಡವೆಗೆ ಸಂಬಂಧಿಸಿದಂತೆ ರಾಯಚೂರು ಸೀಮೆಯಲ್ಲಿ ಆಗಬೇಕಾದ ಕೆಲಸವನ್ನು ಮೂರು ಹಂತಗಳಲ್ಲಿ ಸೂಚಿಸಬಹುದು. ಪಟವೇಗಾರರು, ಬಳೆಗಾರರು, ಮಣಿ ಮಾರುವವರು ಬಳಸುವ ಕನ್ನಡ, ತೆಲುಗು, ದಖನಿ, ಗೋರ್‌ಬೋಲಿ ಪದಗಳನ್ನು ಒಂದೇ ವಸ್ತುವಿನ ಎದುರು ಜೋಡಿಸಿ ಸಂಗ್ರಹಿಸುವುದು ಮೊದಲನೆಯದು. ಪ್ರತಿ ಪದದೊಂದಿಗೆ ವಸ್ತುವಿನ ತಯಾರಿಕೆಯ ವಿಧಾನವನ್ನೂ, ಅದು ಎಳೆದದ್ದೋ ಸುತ್ತಿದ್ದೋ ಒತ್ತಿದ್ದೋ ಎಂಬುದನ್ನೂ ದಾಖಲಿಸುವುದು ಎರಡನೆಯದು. ಜ್ವಾಲೆಯ ಮುಂದೆ ಕುಳಿತು ಹೊಸದಾಗಿ ಕೆಲಸ ಕಲಿಯುವವರು ಕಡ್ಡಿ, ಲೇಪ, ಹದ, ಆರಿಕೆಗಳಿಗೆ ತಾವಾಗಿ ಬಳಸತೊಡಗುವ ಮಾತುಗಳನ್ನು ಆರಂಭದಿಂದಲೇ ಬರೆದಿಡುವುದು ಮೂರನೆಯದು. ಈ ಪದಗಳನ್ನು ವಿದ್ವಾಂಸರು ನಿರ್ಮಿಸಿಕೊಡಬೇಕಾಗಿಲ್ಲ. ಕೆಲಸದ ನಡುವೆ ಅವು ತಾವಾಗಿಯೇ ಬರುತ್ತವೆ, ಬಂದುದನ್ನು ಕೇಳಿಸಿಕೊಳ್ಳುವವರು ಬೇಕು.

ಮಸ್ಕಿಯ ಬಂಡೆ ಒಂದು ಬಿರುದಿನ ಹಿಂದಿದ್ದ ಅರಸನ ಹೆಸರನ್ನು ಉಳಿಸಿಕೊಟ್ಟಿತು. ಅದೇ ಊರಿನ ಮಣ್ಣಿನಲ್ಲಿ ದೊರೆತ ಮಣಿಗಳು ತಮ್ಮನ್ನು ಮಾಡಿದವರ ಹೆಸರನ್ನು ಹೇಳಲಾರವು. ಆದರೆ ರಂಧ್ರದ ಸುತ್ತಲಿನ ಗೆರೆಗಳಲ್ಲಿ ಕೈ ತಿರುಗಿದ ದಿಕ್ಕನ್ನು ಮಾತ್ರ ತೋರಿಸಬಲ್ಲವು. ಮತ್ತೋಡಿನಲ್ಲಿ ಕಳೆದುಹೋದ ಪದಗಳನ್ನು ಮರಳಿ ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ರಾಯಚೂರು, ದೇವದುರ್ಗ, ಮಾನ್ವಿಗಳ ಪೇಟೆಯಲ್ಲಿ ಇಂದು ಆಡುತ್ತಿರುವ ಮಾತುಗಳ ವಿಷಯದಲ್ಲಿ ಆ ದಾರಿ ಇನ್ನೂ ತೆರೆದೇ ಇದೆ.